ಅಂತಿಮ ನೋಟೀಸು

ನೋಟೀಸು ಎಂದರೆ ಸಾಕು, ಅಂದಾನಪ್ಪನಿಗೆ ಜೀವ ಬಾಯಿಗೆ ಬಂದಂತಾಗುತ್ತಿತ್ತು. ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮೊದಲು ಮನೆ ಬಿಡಿರೆಂದು ಬಂದ ಮೂರು ನೋಟೀಸುಗಳನ್ನೂ ಅವನಪ್ಪ ಗೋಡೆಯ ಮಾಡಿನಲ್ಲಿ ತುರುಕಿ, ‘ನೀರು ಇಲ್ಲಿತನಾ ಎಲ್ಲಿ ಬರತೈತಿ’ ಎಂದು ಮೀಸೆ ತಿರುವಿದ್ದ. ನೀರು ಅಂಗಳಕ್ಕೆ ಬಂದ ದಿನ ಕೈಗೆ ಸಿಕ್ಕಿದ್ದನ್ನು ಹೊತ್ತು ಓಡಿದರು. ಅಂದಿನಿಂದ ಅಂದಾನಪ್ಪ ಯಾವ ನೋಟೀಸನ್ನೂ ಮರುದಿನಕ್ಕೆ ಇಟ್ಟವನಲ್ಲ. ಮನೆ ಮುಳುಗಿದವರಿಗೆಂದು ಕಟ್ಟಿದ ನವನಗರದಲ್ಲಿ ಇಂಥವರು ಬೇಕಾದಷ್ಟು ಜನ ಇದ್ದಾರೆ, ನಗುವುದು ಬೇಡ.

ಹೀಗಾಗಿ ಆ ಮಂಗಳವಾರ ಬೆಳಿಗ್ಗೆ ಮೊಬೈಲಿಗೆ ‘ಅಂತಿಮ ನೋಟೀಸು: ನಿಮ್ಮ ಇಮೇಲ್ ಖಾತೆ ಭರ್ತಿಯಾಗಿದೆ. ಒಂದು ತಾಸಿನೊಳಗೆ ಖಾತ್ರಿಪಡಿಸದಿದ್ದರೆ ಎಲ್ಲವೂ ಅಳಿಸಿಹೋಗುತ್ತದೆ’ ಎಂದು ಬಂದಾಗ ಅವನು ಚಹಾ ಸಹ ಮುಗಿಸಲಿಲ್ಲ. ಕೆಳಗಿದ್ದ ನೀಲಿ ಅಕ್ಷರ ಒತ್ತಿದ. ಪಾಸ್‌ವರ್ಡ್ ಕೇಳಿತು, ಕೊಟ್ಟ.

ಆ ಖಾತೆಯಲ್ಲಿ ಇದ್ದದ್ದು ಕಾಳವ್ವನ ದನಿ. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಬರೆಯಲು ಬಾರದ ಅವಳು ಹೇಳುವುದನ್ನೆಲ್ಲ ಮೊಬೈಲಿನಲ್ಲಿ ಮಾತಾಡಿಯೇ ಕಳಿಸುತ್ತಿದ್ದಳು: ಕೊತ್ತಂಬರಿ ತರ್ರಿ, ಇಳಕಲ್ಲಿಂದ ತಂಗಿ ಬಂದಾಳ, ಎಲ್ಲಿ ಹಾಳಾಗಿ ಹೋಗೀರಿ. ಅವನ ಹಳೇ ಫೋನು ಕೆಡುವ ಮೊದಲು, ಎದುರಿನ ಆನ್‌ಲೈನ್ ಸೆಂಟರಿನ ಮುಬಶೀರಾ ಅದನ್ನೆಲ್ಲ ಇಮೇಲಿಗೆ ಸೇರಿಸಿಕೊಟ್ಟಿದ್ದಳು. ಬೇರೆಲ್ಲೂ ಇರಲಿಲ್ಲ.

ಮಧ್ಯಾಹ್ನ ಖಾತೆ ತೆರೆಯಲಿಲ್ಲ. ಮುಬಶೀರಾ ನೋಡಿ ತಲೆಗೆ ಕೈ ಹಚ್ಚಿದಳು.

‘ಕಾಕಾ, ಇದು ಕಳ್ಳರ ಕೆಲಸರಿ. ನನಗೊಂದು ಮಾತು ಕೇಳಬಾರದಾಗಿತ್ತೇನ್ರಿ?’

‘ಟೈಮ್ ಇರಲಿಲ್ಲವ್ವಾ.’

ಅವಳು ಒಂದು ತಾಸು ಹೆಣಗಿದಳು. ಉಳಿದದ್ದು ಒಂದೇ ದಾರಿ: ಖಾತೆ ತೆರೆಯುವಾಗ ಕೊಟ್ಟ ನಂಬರಿಗೆ ಕೋಡ್ ತರಿಸುವುದು. ಆ ನಂಬರು ಕಾಳವ್ವನದು. ಅವಳು ಹೋದ ಮೇಲೆ ರೀಚಾರ್ಜ್ ಮಾಡಿಸಿರಲಿಲ್ಲ.

‘ಕಂಪನಿಯವ್ರು ಅದನ್ನ ಬ್ಯಾರೆದವ್ರಿಗೆ ಕೊಟ್ಟಿರ್ತಾರ್ರಿ. ನಾ ಕೋಡ್ ಕಳಸ್ತೇನಿ, ನೀವು ಫೋನ್ ಹಚ್ಚಿ ಕೇಳ್ರಿ. ಆ ಕೋಡ್ ಹತ್ತ ನಿಮಿಷ ಅಷ್ಟ ನಡೀತೈತ್ರಿ.’

ನಂಬರನ್ನು ಅವನು ನೋಡದೆಯೇ ಒತ್ತಿದ. ಎಳೆಯ ಹೆಣ್ಣುದನಿಯೊಂದು ‘ಹಲೋ’ ಎಂದಿತು. ಬೇರೆಯವರೇ ಎತ್ತುತ್ತಾರೆ ಎಂದು ಗೊತ್ತಿದ್ದೂ ಅವನು ಒತ್ತಿದ ನಂಬರನ್ನು ಒಮ್ಮೆ ನೋಡಿಕೊಂಡ.

‘ತಂಗಿ, ನಿನ್ನ ಫೋನಿಗೆ ಈಗೊಂದು ನಂಬರ್ ಬಂದಿರಬೇಕು. ಅದನ್ನಷ್ಟು ಓದಿ ಹೇಳವ್ವಾ. ನಿನ್ನ ಈ ಫೋನ್ ನಂಬರ್ ಮೊದಲ ನನ್ನ ಹೆಂಡ್ತೀದಾಗಿತ್ತು. ಆಕಿ ಈಗಿಲ್ಲ. ಆಕಿ ಮಾತೆಲ್ಲ ನನ್ನ ಇಮೇಲಿನ್ಯಾಗ ಅದಾವು.’



‘ಬಂದೈತ್ರಿ,’ ಎಂದಳು ಹುಡುಗಿ. ‘ಆದ್ರ ಓಟಿಪಿ ಯಾರಿಗೂ ಹೇಳಬಾರದಂತ ನಮ್ಮ ಸಾಲ್ಯಾಗ ಹೇಳ್ಯಾರ್ರಿ. ಅಳಕೋತ ಕೇಳಿದ್ರೂ ಹೇಳಬಾರದಂತ.’

ತಾನು ಕಳ್ಳನಲ್ಲ ಎನ್ನಲು ಅಂದಾನಪ್ಪನ ಹತ್ತಿರ ಪುರಾವೆ ಏನಿತ್ತು? ಏನೂ ಇರಲಿಲ್ಲ.

‘ಖರೆ ಐತವ್ವಾ,’ ಎಂದುಬಿಟ್ಟ.

ಫೋನು ಕಟ್ಟಾಯಿತು. ಮತ್ತೆ ಹಚ್ಚಿದ, ಹೋಗಲಿಲ್ಲ. ಮುಬಶೀರಾ ತನ್ನ ಫೋನಿನಿಂದ ಹಚ್ಚಿದಳು, ಯಾರೂ ಎತ್ತಲಿಲ್ಲ. ಕೋಡಿನ ಹತ್ತು ನಿಮಿಷ ದಾಟಿತು. ಟೇಬಲ್ಲಿಗೆ ಎರಡೂ ಕೈ ಊರಿ ಅಂದಾನಪ್ಪ ಸಣ್ಣ ಮಕ್ಕಳ ಹಾಗೆ ಅತ್ತ.