ಕೆಳಗಿನ ತುದಿಯ ಬೀಜ

ನಮ್ಮ ಹೊಲದ ಮೇಲಿನ ತುದಿಯಲ್ಲಿ ಬೀನ್ಸ್ ಗಿಡ ಮೊಣಕಾಲೆತ್ತರ. ಕೆಳಗಿನ ತುದಿಯಲ್ಲಿ ಬಹುಪಾಲು ಗೇಣುದ್ದ, ಅದೂ ಹಳದಿ. ಅದೇ ಬೀಜ, ಅದೇ ಗೊಬ್ಬರ, ಬಿತ್ತಿದ್ದೂ ನಾನೇ. ಮೂರನೇ ವರ್ಷವೂ ಹೀಗಾದಾಗ ನಮ್ಮ ಯಜಮಾನರು ಅವರಮ್ಮನ ಮುಂದೆ ಹೇಳಿಯೇಬಿಟ್ಟರು: "ಸಾಕಮ್ಮಾ, ಆ ಮಣ್ಣನ್ನ ಇಟ್ಟಿಗೆ ಭಟ್ಟಿಯವನಿಗೆ ಕೊಟ್ಟುಬಿಡ್ತೀನಿ. ಅಗೆದುಕೊಂಡು ಹೋಗ್ಲಿ."

ಅತ್ತೆಯ ಮುಖ ಬಾಡಿತು. ಆ ತುದಿಯ ಕಲ್ಲುಗಳನ್ನೆಲ್ಲ ಪ್ರಾಯದಲ್ಲಿ ಅವರೇ ಆರಿಸಿ ಹೊತ್ತವರು. ಒಮ್ಮೆ ಅಗೆದರೆ ಹೊಂಡ, ಮತ್ತೆ ಹೊಲವಾಗುವುದುಂಟೇ? ನನಗೂ ಸಂಕಟವಾಯಿತು. ಬೀಜ ಕೇಂದ್ರದಲ್ಲಿ ಹೊಸ ತಳಿ ಬೆಳೆಸುವ, ನಾವೆಲ್ಲ ಅಕ್ಕ ಎಂದೇ ಕರೆಯುವ ಹೆಂಗಸನ್ನು ಮರುದಿನವೇ ಕರೆತಂದೆ.

ಅಕ್ಕ ಎರಡೂ ತುದಿಯ ಮಣ್ಣನ್ನು ನೀರಿನಲ್ಲಿ ಕದಡಿ, ಬಣ್ಣದ ಕಾಗದ ಅದ್ದಿ ನೋಡಿದರು. "ಕೆಳಗಿನ ಮಣ್ಣು ತುಂಬಾ ಹುಳಿಯಾಗಿದೆ, ಅಮ್ಮ."

"ಮಣ್ಣೇನು ಮೊಸರೇನಮ್ಮಾ, ಹುಳಿಯಾಗೋಕೆ?" ಅತ್ತೆ ನಕ್ಕರು.

"ಆಗುತ್ತೆ. ಹುಳಿ ಜಾಸ್ತಿಯಾದ್ರೆ ಬೇರು ಮೊಂಡಾಗುತ್ತೆ, ಗೊಬ್ಬರ ಹಾಕಿದ್ರೂ ಗಿಡಕ್ಕೆ ಹತ್ತಲ್ಲ. ಸುಣ್ಣ ಹಾಕಬಹುದು, ಆದ್ರೆ ಅದು ಆಳಕ್ಕೆ ಬೇಗ ಇಳಿಯಲ್ಲ. ಹುಳಿ ತಾಳಿಕೊಳ್ಳೋ ಗಿಡಾನೂ ಬೇಕು. ಬೀಜ ಎಲ್ಲಿಂದ ಎತ್ತಿಡ್ತೀರಿ?"

"ಇನ್ನೆಲ್ಲಿಂದ? ಮೇಲಿನ ತುದಿಯ ದಷ್ಟಪುಷ್ಟ ಗಿಡದಿಂದ! ನಲವತ್ತು ವರ್ಷದಿಂದ ಬೀಜದ ಡಬ್ಬಿ ನನ್ನ ಕೈಯಲ್ಲಿದೆ."

"ಅಲ್ಲೇ ಎಡವಟ್ಟಾಗಿರೋದು. ಸುಖದಲ್ಲಿ ಬೆಳೆದವರನ್ನೇ ಆರಿಸಿ ಕಷ್ಟಕ್ಕೆ ಕಳಿಸ್ತಿದ್ದೀರಿ."

ಅತ್ತೆಗೆ ರೇಗಿತು. "ಹಾಗಾದ್ರೆ ಈ ಕುಳ್ಳ ಗಿಡದ ಬೀಜ ಎತ್ತಿಡ್ಲಾ? ಕೇಳಿದವರು ನಗ್ತಾರೆ!"

ಅಕ್ಕ ಕೆಳಗಿನ ತುದಿಯಲ್ಲಿ ಎರಡು ಗಿಡ ಅಗೆದರು. ಹಳದಿ ಗಿಡದ ಬೇರು ಬೆರಳಿನಷ್ಟೂ ಇರಲಿಲ್ಲ. ಅದರ ಪಕ್ಕದಲ್ಲೇ ಹಸಿರಾಗಿ ಕಾಯಿ ಕಟ್ಟಿದ್ದ ಗಿಡದ ಬೇರು ಗೇಣಿಗಿಂತ ಉದ್ದ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ "ಕೆಂಪು ದಾರ ತಗೊಂಡ್ಬಾರೇ" ಎಂದರು. ಕೆಳಗೆ ಗಟ್ಟಿಯಾಗಿ ನಿಂತಿದ್ದ ಹತ್ತೊಂಬತ್ತು ಗಿಡಗಳಿಗೆ, ಬೀಜಕ್ಕೆಂದು ಗುರುತಿಗೆ, ಅವರೇ ದಾರ ಕಟ್ಟಿದರು.

"ಎರಡು ಬೆಳೆ ನೋಡ್ತೀನಿ, ಅಷ್ಟೇ" ಎಂದರು ಯಜಮಾನರು.

ಒಂದೊಂದು ಗಿಡದ ಬೀಜವನ್ನೂ ಬೇರೆ ಬೇರೆ ಇಟ್ಟು, ಮೇಲೊಂದು ಕೆಳಗೊಂದು ಸಾಲು ಬಿತ್ತಿದೆವು. ಹುಳಿ ಮಣ್ಣಿನಲ್ಲಿ ಗೆದ್ದರಷ್ಟೇ ಸಾಲದು, ಎರಡು ಕಡೆಯೂ ಕಾಯಿ ಬಿಡಬೇಕು ಎಂದಿದ್ದರು ಅಕ್ಕ. ಎರಡನೇ ಬೆಳೆಯ ಹೊತ್ತಿಗೆ ಹದಿನೈದು ಗಿಡದ ಬೀಜದ ಸಾಲು ಸೋತುಹೋದವು. ಉಳಿದ ನಾಲ್ಕು ಎರಡೂ ತುದಿಯಲ್ಲಿ ಸೊಂಪಾಗಿ ನಿಂತವು! ಹೆಚ್ಚು ಕಾಯಿ ಬಿಡುವ ತಳಿಯೊಂದಿಗೆ ಕೂಡಿಸಿ ನೋಡಲು ಅಕ್ಕ ಅವುಗಳ ಬೀಜ ಒಯ್ದರು.

ಭಟ್ಟಿಯವನು ಮಣ್ಣು ಕೇಳಿಕೊಂಡು ಬಂದಾಗ ಅತ್ತೆ ಅವನ ಚೀಲಕ್ಕೆ ಬೀನ್ಸ್ ತುಂಬಿದರು. "ಈ ಮಣ್ಣು ಇಟ್ಟಿಗೆಗಲ್ಲಪ್ಪ, ಊಟಕ್ಕೆ. ಹೋಗ್ಬಾ." ಯಜಮಾನರೇ ಆ ಚೀಲ ಎತ್ತಿ ಅವನ ಹೆಗಲಿಗಿಟ್ಟರು.

ಇದನ್ನು ಕೇಳುತ್ತಿರುವ ನೀವೂ ನಿಮ್ಮ ಮಣ್ಣು ಪರೀಕ್ಷೆ ಮಾಡಿಸಿ. ಬೀಜ ಎತ್ತಿಡುವ ಮುಂಚೆ ಹೊಲದ ಕೆಟ್ಟ ಮೂಲೆಗೂ ಒಮ್ಮೆ ಹೋಗಿ, ಅಲ್ಲಿ ತಲೆಯೆತ್ತಿ ನಿಂತ ಗಿಡಕ್ಕೆ ದಾರ ಕಟ್ಟಿ. ದಾರ ಇಲ್ಲವೆಂದರೆ ನಮ್ಮತ್ತೆಯನ್ನು ಕೇಳಿ. ಅವರ ಬೀಜದ ಡಬ್ಬಿಯಲ್ಲಿ ಈಗ ಕೆಂಪು ದಾರದ ಉಂಡೆಯೂ ಇದೆ.