ಸಂಬಂಧಿಕರೇ? ಹೌದು / ಇಲ್ಲ

ಗೋಕಾಕದ ಪೇಟೆಯಲ್ಲಿ ಅಡ್ಡಾದಿಡ್ಡಿ ನಿಂತ ಗಾಡಿಗಳ ಗಾಲಿಗೆ ಲಾಕ್ ಜಡಿಯುವ ಗುತ್ತಿಗೆ ಕಂಪನಿಯಲ್ಲಿ ದೂರು ಬರೆದುಕೊಳ್ಳುವವಳು ನಾನು. ಜಡಿಯುವವನು ಮಲಿಕಸಾಬ, ಬೈಸಿಕೊಳ್ಳುವವಳು ಈ ಮಾಯಾ. ಬೋರ್ಡ್ ಇಲ್ಲದ ಕಡೆ ಲಾಕ್ ಹಾಕುವಂತಿಲ್ಲ. ಹಾಕಿದ್ದರೆ ನಾನು ಸಹಿ ಮಾಡಬೇಕು, ಅವನು ಆಗಲೇ ತೆಗೆಯಬೇಕು. ಆದರೆ ನೆಂಟರಿಷ್ಟರ ಗಾಡಿಗಳನ್ನು ಬಿಟ್ಟೂ ಬಿಟ್ಟೂ ಊರೆಲ್ಲ ಬೊಬ್ಬೆಯಾದ ಮೇಲೆ ಇನ್ನೊಂದು ನಿಯಮ ಬಂತು. ದೂರುದಾರ ನನ್ನ ಸಂಬಂಧಿಕನಾದರೆ ನಾನು ಸಹಿ ಮಾಡುವಂತಿಲ್ಲ. ಅರ್ಜಿ ಹುಕ್ಕೇರಿಯ ಸಾಹೇಬರಿಗೆ ಹೋಗಬೇಕು, ಗಾಡಿ ಮರುದಿನದ ತನಕ ನಿಂತಲ್ಲೇ.

ನಾಗರ ಪಂಚಮಿಗೆ ಎರಡು ದಿನ ಇತ್ತು. ಈ ದಿನಗಳಲ್ಲಿ ನನ್ನ ತಲೆ ಮೊದಲೇ ಕೆಟ್ಟಿರುತ್ತದೆ. ಓಣಿಯ ಹೆಣ್ಣುಮಕ್ಕಳನ್ನೆಲ್ಲ ಅಣ್ಣ ತಮ್ಮಂದಿರು ಬಂದು ತವರಿಗೆ ಕರೆದೊಯ್ಯುತ್ತಾರೆ. ನನ್ನನ್ನು ಕರೆಯಲು ಆರು ವರ್ಷದಿಂದ ಯಾರೂ ಬಂದಿಲ್ಲ. ಅಣ್ಣನ ಮದುವೆಯಲ್ಲಿ ನನ್ನ ಗಂಡನಿಗೆ ಅಳಿಯನ ಮರ್ಯಾದೆಯ ಪಟಗಾ ಸುತ್ತದೆ ಬರೀ ಟೊಪ್ಪಿಗೆ ಇಟ್ಟರೆಂದು ಇವರು ಊಟ ಬಿಟ್ಟು ಎದ್ದರು, ಹಿಂದೆ ನಾನೂ ಎದ್ದೆ. ಒಂದು ಟೊಪ್ಪಿಗೆಗೆ ಆರು ಪಂಚಮಿ! 'ಯಾರಿಗೆ ಬೇಕಾಗೇತಿ ಅವರ ಪಂಚಮಿ ಉಂಡಿ' ಎಂದು ಬಾಯಲ್ಲಿ ಅನ್ನುತ್ತೇನೆ. ತುಕ್ಕಾನಟ್ಟಿ ಕಡೆಯ ಬಸ್ಸು ಕಂಡರೆ ಮಾತ್ರ ಕಿಟಕಿಗಳಲ್ಲಿ ನಮ್ಮೂರವರ ಮುಖ ಹುಡುಕುತ್ತೇನೆ. ಅಷ್ಟು ಆಸೆ ನನಗೆ.

ಮಧ್ಯಾಹ್ನ ಕೌಂಟರಿನ ಮುಂದೆ ಒಬ್ಬ ಬಂದು ಗುಡುಗಿದ.

"ಬೋರ್ಡ್ ಇಲ್ಲ, ಏನಿಲ್ಲ, ನನ್ನ ಗಾಡಿಗೆ ಲಾಕ್ ಹೆಂಗ ಜಡದ್ರಿ?"

ತಲೆ ಎತ್ತಿದೆ. ನನ್ನ ಅಣ್ಣ ಮಹಾಂತೇಶ! ಅವನೂ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ನಾನು ಇಲ್ಲಿ ಕೆಲಸಕ್ಕಿರುವುದು ಅವನಿಗೆ ಗೊತ್ತಿರಲಿಲ್ಲ.

ಆರು ವರ್ಷ ಬಾರದವನು ಗಾಲಿಗೆ ಲಾಕ್ ಬಿದ್ದ ಮೇಲೆ ಬಂದನಲ್ಲ!

"ಹೆಸರ ಹೇಳ್ರಿ," ಅಂದೆ.

"ಮಾಯಾ, ನನ್ನ ಹೆಸರ ಕೇಳ್ತಿಯೇನ?"

"ಎಲ್ಲಾರಿಗೂ ಕೇಳ್ತೇವ್ರಿ. ಊರು?"

ಅವನು ಹೇಳಿದ, ನಾನು ಬರೆದೆ. ಬೋರ್ಡ್ ಇಲ್ಲದ್ದು ಖರೆ ಎಂದು ಮಲಿಕಸಾಬನೂ ಒಪ್ಪಿದ. ಇನ್ನು ಅರ್ಜಿಯ 'ಸಂಬಂಧಿಕರೇ?' ಎಂಬಲ್ಲಿ 'ಇಲ್ಲ' ಅಂತ ಗುರುತು ಹಾಕಿ ಸಹಿ ಮಾಡಿದರೆ ಐದು ನಿಮಿಷದಲ್ಲಿ ಗಾಡಿ ಹೋಗುತ್ತದೆ, ಅವನೂ ಹೋಗುತ್ತಾನೆ. ಹೋಗಲಿ, ಪೀಡೆ ತೊಲಗಲಿ ಅಂದುಕೊಂಡೆ. ಕೈ ಏಳಲಿಲ್ಲ.

"ಗಾಡಿ ನಿಲ್ಲಿಸಿದ ಕಾರಣ ನಿಮ್ಮ ಕೈಯಾರೆ ಬರೀಬೇಕ್ರಿ," ಎಂದು ಹಾಳೆಯನ್ನು ಅವನ ಕಡೆ ತಳ್ಳಿದೆ.

ಅವನು ತಲೆ ತಗ್ಗಿಸಿ ಬಹಳ ಹೊತ್ತು ಬರೆದ. ತಿರುಗಿಸಿ ಓದಿದೆ.

'ಹಿಂದಿನ ಓಣಿಯಲ್ಲಿ ನನ್ನ ತಂಗಿಯ ಮನೆ ಇದೆ. ಪಂಚಮಿಗೆ ಕರೆಯಲು ಬಂದೆ. ಬಾಗಿಲು ಬಡಿಯಲು ಧೈರ್ಯ ಸಾಲದೆ ಗಾಡಿ ಬಿಟ್ಟು ಒಂದು ತಾಸು ಅಡ್ಡಾಡಿದೆ.'

ಅಕ್ಷರಗಳು ಕಲಸಿಹೋದವು. ಎಲ್ಲರ ಎದುರಿಗೇ ಅತ್ತೆ. ಹಾಳೆ ಹರಿಯುವಷ್ಟು ಒತ್ತಿ 'ಹೌದು' ಎಂಬಲ್ಲಿ ಗುರುತು ಹಾಕಿದೆ.

ಮಲಿಕಸಾಬ ಗಾಬರಿಯಾದ. "ಅಕ್ಕಾರ, ಏನ ಮಾಡಿದ್ರಿ? ಇನ್ನ ನಾಳಿ ತನಕ ಗಾಡಿ ಬಿಡಾಕ ಬರಂಗಿಲ್ಲ!"

"ಇರಲಿ ಬಿಡಪಾ," ಎಂದು ಅಣ್ಣನ ಕಡೆ ತಿರುಗಿದೆ.

"ಮನಿಗೆ ನಡಿ. ನಮ್ಮ ಮನಿಯವರ ಕೂಡ ಮಾತಾಡು, ನಮ್ಮಲ್ಲೇ ಉಣ್ಣು. ನಾಳಿ ನಾನೂ ಬರ್ತೇನಿ. ಓಡಿ ಹೋಗಾಕ ಈಗ ಗಾಡೀನೂ ಇಲ್ಲ ನಿನಗ."