ಗಂಟೆಗೆ ಆಹ್ವಾನ

ಧ್ಯಾನಕೇಂದ್ರದಲ್ಲಿ ಅಡುಗೆ ಮಾಡುವ ಮೊರೀನ್ ಮಂಗಳವಾರ ಪೇಟೆಯಿಂದ ತರಕಾರಿ ತರುವಷ್ಟರಲ್ಲಿ ಅವಳ ಕೋಣೆಯ ಬೀಗ ಬದಲಾಗಿತ್ತು. ಅವಳ ಬಟ್ಟೆ, ಹಾಸಿಗೆ, ರೇಡಿಯೊ ತೋಟದ ಶೆಡ್ಡಿನಲ್ಲಿ ಗೊಬ್ಬರದ ಚೀಲಗಳ ಪಕ್ಕದಲ್ಲಿದ್ದವು. ಕೋಣೆಯ ಬಾಗಿಲಿಗೆ ‘ಮೌನ ಕುಟೀರ’ ಎಂಬ ಹಲಗೆ ಬಂದಿತ್ತು.

ಲಂಡನ್ನಿನಿಂದ ವಾರಾಂತ್ಯಕ್ಕೆ ಬರುವವರಿಗೆ ಒಂಟಿಯಾಗಿ ಕೂರಲು ಜಾಗ ಸಾಲದೆ ಸಂಘ ಹಾಗೆ ತೀರ್ಮಾನಿಸಿತ್ತು. ಮೊರೀನ್‌ಗೆ ಸಂಬಳವಿಲ್ಲ. ನಮ್ಮಲ್ಲಿ ಕೆಲಸವೇ ಸಾಧನೆ. ಪ್ರತಿಯಾಗಿ ಊಟ ಮತ್ತು ಕೋಣೆ. ಕೋಣೆ ಹೋದ ಮೇಲೆ ಅವಳ ಪಾಲಿಗೆ ಉಳಿದದ್ದು ಅವಳೇ ಬೇಯಿಸಿದ ಬೇಳೆ. ಬೇರೆ ಮನೆಯಿಲ್ಲ, ಚಳಿ ಬಾಗಿಲಲ್ಲಿತ್ತು.

ನಾನು ಈ ಕೇಂದ್ರದ ಗಂಟೆಯವನು. ಅಪ್ಪ ಅಮ್ಮ ಇಟ್ಟ ಹೆಸರು ಕ್ಲೈವ್. ಬೌದ್ಧ ದೀಕ್ಷೆಯಲ್ಲಿ ಸಿಕ್ಕಿದ್ದು ಕ್ಷಾಂತಿಪಾಲ. ಇಂಗ್ಲೆಂಡಿನ ಡೆವನ್ ಸೀಮೆಯ ಈ ಗುಡ್ಡ ಹತ್ತುವ ಮುಂಚೆ ಕಾರುಗಳಿಗೆ ವಿಮೆ ಮಾರುತ್ತಿದ್ದೆ. ಈಗ ಅಹಂಕಾರವನ್ನು ಪೂರಾ ಬಿಟ್ಟಿದ್ದೇನೆ. ಬಿಟ್ಟಿದ್ದು ಎಲ್ಲರಿಗೂ ತಿಳಿಯಲಿ ಎಂದು ಅಂಚೆಯವನಿಗೂ ಹೊಸ ಹೆಸರು ಬಾಯಿಪಾಠ ಮಾಡಿಸಲು ನೋಡಿದೆ. ಅವನು ಇನ್ನೂ ಕ್ಲೈವ್ ಎಂದೇ ಕೂಗುತ್ತಾನೆ. ಪ್ರತಿಸಲ ಅವನನ್ನು ಕ್ಷಮಿಸುತ್ತೇನೆ, ಅವನಿಗೆ ಕೇಳಿಸುವಷ್ಟು ಜೋರಾಗಿ.

ನಮ್ಮಲ್ಲಿ ಗಂಟೆ ಹೊಡೆಯುವುದು ಎನ್ನುವಂತಿಲ್ಲ, ಹೊಡೆಯುವುದು ಹಿಂಸೆಯಲ್ಲವೇ. ಗಂಟೆಯನ್ನು ‘ಆಹ್ವಾನಿಸಬೇಕು.’ ಕಂಚಿನ ಬಟ್ಟಲಿಗೆ ಮರದ ಕೋಲು ತಾಗಿತೋ, ಯಾರು ಏನು ಮಾಡುತ್ತಿದ್ದರೂ ಬಿಟ್ಟು ಮೂರು ಸಲ ಉಸಿರಾಡಬೇಕು. ಪಾತ್ರೆ ತೊಳೆಯುವವರು ನೊರೆಗೈಯಲ್ಲೇ ಕಲ್ಲಾಗುತ್ತಾರೆ. ಗುರುವಾರ ಸಂಜೆ ಎಲ್ಲರೂ ಸುತ್ತ ಕೂತು ಸರದಿಯ ಮೇಲೆ ಮನಸ್ಸು ಬಿಚ್ಚಿ ಮಾತಾಡುವ ಸಭೆಗೆ ಇನ್ನೊಂದು ಕಟ್ಟಳೆ: ಮಾತಾಡುವವರ ದನಿ ಏರಿದರೆ ಗಂಟೆ. ಉಸಿರಾಟ ಮುಗಿದ ಮೇಲೆ ಸರದಿ ಪಕ್ಕದವರಿಗೆ. ಸಿಟ್ಟು ತಣಿಯಲೆಂದು ಮಾಡಿದ ಏರ್ಪಾಡು. ಯಾರ ದನಿ ಏರುತ್ತದೆ ಎಂದು ನಾವು ಯೋಚಿಸಿದವರಲ್ಲ. ಕೋಣೆಯಿದ್ದವರ ದನಿ ಯಾಕೆ ಏರೀತು?

ಬುಧವಾರ ಅವಳನ್ನು ಸಂತೈಸಲು ಅಡುಗೆಮನೆಗೆ ಹೋದೆ. ಕರುಣೆಯಲ್ಲಿ ನನಗೆ ಒಳ್ಳೆಯ ತರಬೇತಿಯಾಗಿದೆ.

“ರಾತ್ರಿ ಎಲ್ಲಿ ಮಲಗಿದ್ದೆ, ಮೊರೀನ್?”

“ಒಲೆ ಪಕ್ಕ. ಬೇಳೆ ನೆನೆಹಾಕಿದ ಬಕೆಟ್ ಜತೆ. ಅದಾದ್ರೂ ಉಪದೇಶ ಮಾಡಲ್ಲ.”

“ಅಂಟಿಕೊಂಡಷ್ಟೂ ದುಃಖ ಕಣೆ.”

“ಹೌದಾ? ಹಾಗಿದ್ರೆ ನಿನ್ನ ಕೋಣೆ ಬೀಗದಕೈ ಕೊಡು. ನಿನ್ನ ದುಃಖ ಒಂದಿಷ್ಟು ನಾನೇ ಇಟ್ಕೋತೀನಿ.”

ನನಗೆ ಥಟ್ಟನೆ ಧ್ಯಾನದ ಹೊತ್ತಾಯಿತು.

ಗುರುವಾರ ಬಂತು. ಮುಖ್ಯಸ್ಥೆ ವಿಮಲಪ್ರಭಾ ನಡುವೆ ಕೂತಿದ್ದರು. ಒಂದು ಕಾಲಕ್ಕೆ ಅವರು ಫಿಲಿಪಾ, ಆಸ್ತಿ ವಕೀಲೆ. ಅವರ ದನಿ ಎಂದೂ ಏರಿದ್ದಿಲ್ಲ. ಕೇಳಬೇಕಾದರೆ ನಾವೇ ಬಾಗಬೇಕು. ಬಾಗಿ ಬಾಗಿ ಅಭ್ಯಾಸವಾಗಿಬಿಟ್ಟಿದೆ.

ಮೊರೀನ್ ಕೈಮುಗಿದು ಸರದಿ ತೆಗೆದುಕೊಂಡಳು. “ನನ್ನ ಕೋಣೆ ವಾಪಸ್ ಬೇಕು.”

“ನನ್ನ ಕೋಣೆ ಅನ್ನೋದೇ ಒಂದು ಭ್ರಮೆ ಅಲ್ವಾ, ಮೊರೀನ್? ಎಲ್ಲವೂ ಅನಿತ್ಯ,” ಎಂದರು ವಿಮಲಪ್ರಭಾ.

“ನಿಮ್ಮ ಕೋಣೆ ಯಾವತ್ತಿಂದ ಅನಿತ್ಯ ಆಗುತ್ತೆ, ತಾಯಿ? ಹೇಳಿ, ನನ್ನ ಹಾಸಿಗೆ ಅಲ್ಲಿಗೇ ತರ್ತೀನಿ!”

ಯಾರೋ ನಕ್ಕು ಅದನ್ನು ಕೆಮ್ಮಾಗಿಸಿದರು. ವಿಮಲಪ್ರಭಾ ನನ್ನ ಕಡೆ ನೋಡಿದರು. ನಾನು ಗಂಟೆಯನ್ನು ಆಹ್ವಾನಿಸಿದೆ. ನಾದ ಎಷ್ಟು ದುಂಡಗೆ ಬಂತೆಂದರೆ, ನಾಚಿಕೆಗೆಟ್ಟವನು, ಒಳಗೊಳಗೇ ಬೀಗಿದೆ. ಉಸಿರಾಡಿದೆವು. ಸರದಿ ಪಕ್ಕದವನಿಗೆ ಹೋಯಿತು. ಅವನು ಕಿಟಕಿಯಲ್ಲಿ ಕಂಡ ಪುಟ್ಟ ಹಕ್ಕಿಯ ಬಗ್ಗೆ ಹೇಳಿ ಎರಡು ಹನಿ ಕಣ್ಣೀರು ಹಾಕಿದ.

ಒಂದು ಸುತ್ತು ಬಂದು ಸರದಿ ಮತ್ತೆ ಮೊರೀನ್‌ಗೆ ಸಿಕ್ಕಿತು. “ಗೊಬ್ಬರದ ಜತೆ ಹಾಕಿದ್ದೀರಲ್ಲ ನನ್ನ ಸಾಮಾನು, ಇದಕ್ಕೆ ಯಾವ ಸೂತ್ರದಲ್ಲಿ—” ಮತ್ತೆ ಗಂಟೆ. ಈ ಸಲ ಪಕ್ಕದವನು ಮಧ್ಯಾಹ್ನದ ಸೂಪಿಗಾಗಿ ವಿಶ್ವಕ್ಕೆ ಕೃತಜ್ಞತೆ ಅರ್ಪಿಸಿದ. ಸೂಪು ಮೊರೀನ್ ಮಾಡಿದ್ದು. ಅವಳು ಎರಡು ಮೊಳ ದೂರದಲ್ಲೇ ಕೂತಿದ್ದಳು. ವಿಶ್ವ ಮಾತ್ರ ಅವನ ಕಣ್ಣಿಗೆ ಬಿದ್ದಿತ್ತು.

ಅವಳು ಸರದಿಗೆ ಕಾಯದೆ ಎದ್ದು ನಿಂತಳು.

“ಹೊಡಿಯೋ ಕ್ಲೈವ್, ಹೊಡಿ! ಉಸಿರಾಡೋದು ನನಗೂ ಬರುತ್ತೆ. ಮಲಗೋಕೆ ಜಾಗ ಇಲ್ಲ, ಅಷ್ಟೇ. ಈ ಚಳೀಲಿ ಎಲ್ಲಿಗೆ ಹೋಗ್ಲಿ ಅಂತ ಒಬ್ಬರಾದ್ರೂ ಹೇಳಿ!”

“ಕ್ಷಾಂತಿಪಾಲ, ಗಂಟೆ,” ಎಂದರು ವಿಮಲಪ್ರಭಾ.

ನನ್ನ ಕೈ ಆಗಲೇ ಮೇಲೆದ್ದಿತ್ತು, ಯಜಮಾನಿಯ ದನಿಗೆ ನಾಯಿಯ ಬಾಲ ಏಳುವ ಹಾಗೆ. ಆ ಗಳಿಗೆಯಲ್ಲಿ ನನ್ನೊಳಗೆ ಮಹಾಕರುಣೆ ಉಕ್ಕಿತು ಎಂದು ಬರೆಯುವ ಆಸೆ. ಉಕ್ಕಲಿಲ್ಲ. ಎಡಗಾಲು ಜೋಮು ಹಿಡಿದಿತ್ತು. ನಾಳೆ ಅಡುಗೆ ಯಾರು ಮಾಡುತ್ತಾರೆ ಎಂಬ ಚಿಂತೆಯೂ ಸುಳಿದುಹೋಯಿತು. ಆದರೆ ಮೊರೀನ್ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ. ಏಟು ಬೀಳುತ್ತದೆಂದು ಗೊತ್ತಿರುವವರು ನೋಡುವ ಹಾಗೆ. ಆ ಸಂಜೆ ಎರಡು ಸಲ ಅವಳ ಬಾಯಿಯ ಮೇಲೆ ಬಡಿದ ಕೋಲು ನನ್ನ ಕೈಯಲ್ಲೇ ಇತ್ತು.

ಕೋಲನ್ನು ತೊಡೆಯ ಕೆಳಗೆ ತಳ್ಳಿ ಅದರ ಮೇಲೆ ಕೂತೆ.

“ಒಂದು ಉಸಿರು ತಗೋ, ಕ್ಷಾಂತಿಪಾಲ. ಆಮೇಲೆ ಗಂಟೆ ಆಹ್ವಾನಿಸು,” ಎಂದರು ಅವರು, ಇನ್ನೂ ಮೆಲ್ಲಗೆ.

ಈ ಸಲ ನಾನು ಬಾಗಲಿಲ್ಲ. ನನ್ನ ದನಿಯೇ ಏರಿತು, ಮೀಸೆ ಮೂಡುವ ಹುಡುಗನ ದನಿಯ ಹಾಗೆ ಒಡೆದು.

“ಹೊಡೆಯಲ್ಲ, ಫಿಲಿಪಾ. ಅವಳ ಮಾತು ಇನ್ನೂ ಮುಗಿದಿಲ್ಲ.”